ತಿರುಗುವ ಕುರ್ಚಿಯ ಡಾಕ್ಟರು

ಕಳಲೆಯ ನಮ್ಮ ಮನೆಯಲ್ಲಿ ಅಜ್ಜಿ ಕತ್ತು ತಿರುಗಿಸಿದಾಗಲೆಲ್ಲ ಗೋಡೆ ಹಿಡಿದು ನಿಲ್ಲುತ್ತಿದ್ದರು. ಪಿತ್ತ ಎಂದುಕೊಂಡು ಶುಂಠಿ ಕಷಾಯ ಕೊಡುತ್ತಿದ್ದೆವು. ಬಿಇ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ, ತಲೆಸುತ್ತನ್ನು ಪರೀಕ್ಷಿಸುವ ಕುರ್ಚಿಯೊಂದಿದೆ ಎಂದು ತಿಳಿಯಿತು. ಅದರ ಹೆಸರು ಬಾರಾನಿ ಕುರ್ಚಿ.

ರಾಬರ್ಟ್ ಬಾರಾನಿ 1876ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು. ತಂದೆ ಕೃಷಿ ಎಸ್ಟೇಟೊಂದರ ಮ್ಯಾನೇಜರ್. ಬಾಲ್ಯದಲ್ಲೇ ಮೂಳೆ ಕ್ಷಯ ಬಂದು ಒಂದು ಮೊಣಕಾಲು ಶಾಶ್ವತವಾಗಿ ಬಿಗಿದುಕೊಂಡಿತು. ಆದರೂ ಓದು ಬಿಡಲಿಲ್ಲ, 1900ರಲ್ಲಿ ವೈದ್ಯರಾದರು.

ರೋಗಿಗಳ ಕಿವಿಯನ್ನು ತಣ್ಣೀರಿನಿಂದ ತೊಳೆಯುವಾಗ ತಲೆ ಸುತ್ತಿ, ಕಣ್ಣುಗುಡ್ಡೆ ಒಂದು ಪಕ್ಕಕ್ಕೆ ಎಗರುವುದನ್ನು ಅವರು ಗಮನಿಸಿದರು. ನೀರು ತೀರ ತಣ್ಣಗಿದೆ ಎಂದು ಒಬ್ಬ ರೋಗಿ ದೂರಿದ. ಬಿಸಿನೀರು ಹಾಕಿದಾಗ ಕಣ್ಣು ಎದುರು ಪಕ್ಕಕ್ಕೆ ಎಗರಿತು! ಒಳಗಿವಿಯ ದ್ರವ ಬಿಸಿ–ತಂಪಿಗೆ ಚಲಿಸುತ್ತದೆ, ಕಣ್ಣು ಅದನ್ನು ಅನುಸರಿಸುತ್ತದೆ ಎಂದು ಅವರು ವಿವರಿಸಿದರು. ರೋಗಿಯನ್ನು ಕುರ್ಚಿಯಲ್ಲಿ ತಿರುಗಿಸಿ, ತಟ್ಟನೆ ನಿಲ್ಲಿಸಿ ಕಣ್ಣು ನೋಡುವ ಪರೀಕ್ಷೆಯನ್ನೂ ರೂಪಿಸಿದರು.

ಆದರೆ ತಲೆ ತಿರುಗಿದರೆ ಕಿವಿ, ಕತ್ತು ಎರಡೂ ತಿರುಗುತ್ತವೆ. ಕತ್ತಿನ ಪಾಲೆಷ್ಟು? ತಲೆಯನ್ನು ಅಲುಗದಂತೆ ಹಿಡಿದು ದೇಹವನ್ನಷ್ಟೇ ತಿರುಗಿಸಿದರೂ ಕಣ್ಣು ಚಲಿಸುತ್ತದೆ ಎಂದು ಅವರು ತೋರಿಸಿದರು. ಇಂದಿನ ಉಪಕರಣಗಳದ್ದೂ ಇದೇ ಉಪಾಯ. ತಲೆ ಸ್ಥಿರ, ಕುರ್ಚಿ ತಿರುಗಿಸಲು ಮೋಟಾರ್, ಕತ್ತಲಲ್ಲಿ ಕಣ್ಣು ನೋಡಲು ಇನ್‌ಫ್ರಾರೆಡ್ ಕ್ಯಾಮೆರಾ.

ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಬಾರಾನಿ ರಷ್ಯನ್ನರಿಗೆ ಸೆರೆಸಿಕ್ಕರು. 1914ರ ನೊಬೆಲ್ ಬಂದ ಸುದ್ದಿ ತಲುಪಿದ್ದು ಸೆರೆಶಿಬಿರಕ್ಕೆ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯಸ್ಥಿಕೆಯಿಂದ 1916ರಲ್ಲಿ ಬಿಡುಗಡೆಯಾಯಿತು. ಊರಿಗೆ ಮರಳಿದರೆ, ಇತರರ ಕೆಲಸಕ್ಕೆ ಮನ್ನಣೆ ಕೊಟ್ಟಿಲ್ಲವೆಂದು ಸಹೋದ್ಯೋಗಿಗಳ ಆರೋಪ. ಬೇಸತ್ತು ಸ್ವೀಡನ್ನಿನ ಉಪ್ಸಾಲಾಕ್ಕೆ ಹೋಗಿ, 1936ರಲ್ಲಿ ಸಾಯುವವರೆಗೂ ಅಲ್ಲೇ ಕೆಲಸ ಮಾಡಿದರು.

ನಾನು ಹಳೇ ಆಫೀಸ್ ಕುರ್ಚಿಗೆ ಮೋಟಾರ್ ಜೋಡಿಸಿ ಗೆಳೆಯನನ್ನು ಕೂರಿಸಿದೆ. ಕುರ್ಚಿಯ ಜೊತೆ ಅವನ ತಲೆಯೂ ತುಸು ಅಲುಗಿತು. ಅಷ್ಟಾದರೆ ಸಾಕು, ಕಣ್ಣು ಸರಿದದ್ದು ಕತ್ತಿನಿಂದಲೋ ಕಿವಿಯಿಂದಲೋ ಹೇಳಲಾಗದು. ಸುಲಭದ ವಿಷಯ ಆರಿಸಿಕೊಳ್ಳೋಣವೆಂದು ತಂಡದವರೆಲ್ಲ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಬಿಗಿದ ಮೊಣಕಾಲಿನ ಆ ಕೈದಿ ನೆನಪಾದರು. ಈಗ ತಲೆ ಹಿಡಿಯುವ ಚೌಕಟ್ಟನ್ನು ಹೊಸದಾಗಿ ಮಾಡುತ್ತಿದ್ದೇವೆ.

ಅಜ್ಜಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಲಿಲ್ಲ. ಮೈಸೂರಿನ ಕಿವಿ ಡಾಕ್ಟರಿಗೆ ತೋರಿಸಿದೆವು. ಅವರು ಅಜ್ಜಿಯ ತಲೆಯನ್ನು ಮೆಲ್ಲಗೆ ತಿರುಗಿಸಿ, ಮೊದಲು ನೋಡಿದ್ದು ಕಣ್ಣನ್ನೇ.