ಕ್ರೊಪಾಟ್ಕಿನ್ ಕಂಡ ನಿಸರ್ಗ

ಕೊಳ್ಳೇಗಾಲದಿಂದ ಹನೂರನ್ನು ದಾಟಿ ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ಹೊಕ್ಕರೆ ಆನೆಗಳ ಹಿಂಡುಗಳುಂಟು. ಅಪಾಯದ ಸುಳಿವು ದೊರೆತೊಡನೆ ಹಿರಿಯ ಹೆಣ್ಣಾನೆಗಳು ಮರಿಗಳನ್ನು ನಡುವೆ ಇರಿಸಿಕೊಂಡು ಕಾಯುತ್ತವೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೀಳುನಾಯಿಗಳು ಒಗ್ಗೂಡಿ ಬೇಟೆಯಾಡಿ ಮರಿಗಳಿಗೆ ಉಣಿಸುತ್ತವೆ. ಇಂತಹ ನೋಟಗಳಲ್ಲಿಯೇ ಮಾನವನ ನೀತಿಯ ಬೇರುಗಳನ್ನು ಅರಸಿದ ಮಹನೀಯನೊಬ್ಬನಿದ್ದನು. ಅವನೇ ರಷ್ಯಾದ ಪೀಟರ್ ಕ್ರೊಪಾಟ್ಕಿನ್.

1842ರಲ್ಲಿ ಮಾಸ್ಕೋ ನಗರದ ಸಿರಿವಂತ ರಾಜಮನೆತನವೊಂದರಲ್ಲಿ ಅವನು ಜನಿಸಿದನು. ತಂದೆಯ ಒಡೆತನದಲ್ಲಿ ಸಾವಿರಕ್ಕೂ ಮಿಕ್ಕ ಜೀತದಾಳುಗಳಿದ್ದರು. ಅವರ ಬವಣೆಯನ್ನು ಕಣ್ಣಾರೆ ಕಂಡ ಬಾಲಕನು ಹನ್ನೆರಡನೆಯ ವಯಸ್ಸಿನಲ್ಲಿಯೇ ರಾಜಕುಮಾರನೆಂಬ ಬಿರುದನ್ನು ಕೈಬಿಟ್ಟನು. 1862ರಲ್ಲಿ, ರಾಜಧಾನಿಯ ಪ್ರತಿಷ್ಠಿತ ಸೇನಾಪಡೆಯನ್ನು ಸೇರುವ ಅವಕಾಶವಿದ್ದರೂ, ದೂರದ ಸೈಬೀರಿಯದ ಸೇವೆಯನ್ನು ಆರಿಸಿಕೊಂಡನು.

ಡಾರ್ವಿನ್ನನ ವಿಕಾಸವಾದವನ್ನು ಅರಿತಿದ್ದ ಅವನು ಅಲ್ಲಿ ಒಂದೇ ಜಾತಿಯ ಪ್ರಾಣಿಗಳ ನಡುವೆ ಉಗ್ರವಾದ ಹೋರಾಟವನ್ನು ಅರಸಿದನು. ಆದರೆ ಕಂಡುದೇ ಬೇರೆ. ಹಿಮ, ಬಿರುಗಾಳಿ, ಹಸಿವುಗಳಿಗೆ ಸಿಲುಕಿದ ಜೀವಿಗಳು ಗುಂಪುಗೂಡಿ ಬದುಕುತ್ತಿದ್ದವು. ಅಮೂರ್ ನದಿಯನ್ನು ದಾಟಲು ಸಾವಿರಾರು ಜಿಂಕೆಗಳು ಒಂದೆಡೆ ನೆರೆದುದು ಅವನ ಮನಸ್ಸಿನಲ್ಲಿ ಅಚ್ಚೊತ್ತಿತು.

ದೊರೆಯ ಆಳ್ವಿಕೆಯನ್ನು ವಿರೋಧಿಸಿ 1874ರಲ್ಲಿ ಸೆರೆಮನೆ ಸೇರಿದ ಅವನು 1876ರಲ್ಲಿ ತಪ್ಪಿಸಿಕೊಂಡನು. ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿದನು. ಬಲ್ಲಿದರು ಬಡವರನ್ನು ತುಳಿಯುವುದು ನಿಸರ್ಗದ ನಿಯಮವೆಂದು ಆಗ ಹಲವರು ವಾದಿಸುತ್ತಿದ್ದರು. ವಿಜ್ಞಾನಿ ಹಕ್ಸ್‌ಲಿಯು 1888ರಲ್ಲಿ ನಿಸರ್ಗವನ್ನು ಕಾಳಗದ ಕಣಕ್ಕೆ ಹೋಲಿಸಿ, ನೀತಿಯು ಅದಕ್ಕೆ ಎದುರಾದುದೆಂದು ಬಗೆದನು. ಇದಕ್ಕೆ ಉತ್ತರವಾಗಿ ಕ್ರೊಪಾಟ್ಕಿನ್ನನು ಬರೆದ ಲೇಖನಗಳು 1902ರಲ್ಲಿ ‘ಪರಸ್ಪರ ಸಹಾಯ’ವೆಂಬ ಗ್ರಂಥವಾದುವು. ಹೋರಾಟವನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ಒಬ್ಬರಿಗೊಬ್ಬರು ನೆರವಾಗುವ ಜೀವಿಗಳೇ ಉಳಿಯಲು ಹೆಚ್ಚು ಸಮರ್ಥವೆಂದೂ, ಮಾನವನ ನೀತಿಯು ಆ ನೆರವಿನಿಂದಲೇ ಮೊಳೆಯಿತೆಂದೂ ಸಾರಿದನು. ಆದುದರಿಂದ ಜನರು ಆಳುವವರ ಹಂಗಿಲ್ಲದೆ ಸಹಕಾರದಿಂದ ಬಾಳಬಲ್ಲರೆಂದು ನಂಬಿದನು.

ನಿಸರ್ಗದ ಸಹಕಾರಕ್ಕೂ ಎಲ್ಲೆಯುಂಟು. ತಮ್ಮ ಮರಿಗಳಿಗೆ ಉಣಿಸುವ ಸೀಳುನಾಯಿಗಳು ಜಿಂಕೆಯ ಪಾಲಿಗೆ ವೈರಿಗಳೇ. ತನ್ನವರನ್ನು ಕಾಯುವ ಗುಣವೇ ಹೊರಗಿನವರನ್ನು ದ್ವೇಷಿಸಲೂ ಕಲಿಸಬಲ್ಲದು. ಆ ಎಲ್ಲೆಯನ್ನು ದಾಟುವುದು ಮನುಷ್ಯನ ವಿವೇಕಕ್ಕೆ ಬಿಟ್ಟುದು.

ಈ ಪರೀಕ್ಷೆ ಕ್ರೊಪಾಟ್ಕಿನ್ನನಿಗೂ ಒದಗಿತು. 1917ರ ಕ್ರಾಂತಿಯ ಬಳಿಕ ಅವನು ಸ್ವದೇಶಕ್ಕೆ ಮರಳಿದನು. ನಾಯಕರ ಪ್ರಾಣಕ್ಕೆ ಕುತ್ತು ಬಂದರೆ ಒತ್ತೆಯಾಳುಗಳನ್ನು ಕೊಲ್ಲುವುದಾಗಿ 1920ರಲ್ಲಿ ಹೊಸ ಸರ್ಕಾರವು ಸಾರಿತು. ಅವರಲ್ಲಿ ಶತ್ರುಸೇನೆಯ ಅಧಿಕಾರಿಗಳೂ ಇದ್ದರು. ಇಳಿವಯಸ್ಸಿನ ಕ್ರೊಪಾಟ್ಕಿನ್ನನು ಲೆನಿನ್ನನಿಗೆ ಪತ್ರ ಬರೆದು ಆ ಕ್ರಮವನ್ನು ನಿರ್ಭೀತಿಯಿಂದ ಖಂಡಿಸಿದನು. ಮುಂದಿನ ಫೆಬ್ರವರಿಯಲ್ಲಿ ಅವನು ತೀರಿಕೊಂಡನು. ತನ್ನ ಬಳಗಕ್ಕೆ ಸೇರದವರ ಜೀವಕ್ಕಾಗಿ ಎತ್ತಿದ ಆ ದನಿಯು ಅವನ ಗ್ರಂಥದಷ್ಟೇ ಸ್ಮರಣೀಯವಾದುದು.