ಹಡಗಿನಿಂದ ಅಧಿಕಾರಕ್ಕೆ: ಕಪ್ತಾನ ಜಾನ್ ಹಾರ್ಟ್

1809ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಜಾನ್ ಹಾರ್ಟ್ ಬಾಲ್ಯದಲ್ಲೇ ಹಡಗು ಸೇರಿದರು. ಕಪ್ತಾನರಾಗಿ ದಕ್ಷಿಣ ಆಸ್ಟ್ರೇಲಿಯಾದ ಕರಾವಳಿಯನ್ನು ಅರಿತಿದ್ದ ಅವರು, 1836ರಲ್ಲಿ ಅಲ್ಲಿ ಬ್ರಿಟಿಷ್ ವಸಾಹತು ಸ್ಥಾಪನೆಯಾದ ಬಳಿಕ ಅಲ್ಲಿಯೇ ನೆಲೆಸಿ, ಪೋರ್ಟ್ ಅಡಿಲೇಡ್ ಬಂದರಿನಲ್ಲಿ ಹಿಟ್ಟಿನ ಗಿರಣಿ ಕಟ್ಟಿದರು.

ವಯಸ್ಕ ಪುರುಷರೆಲ್ಲರ ಗುಪ್ತ ಮತದಾನದಿಂದ 1857ರಲ್ಲಿ ರಚನೆಯಾದ ಪ್ರಥಮ ವಿಧಾನಸಭೆಗೆ ಆಯ್ಕೆಯಾದ ಹಾರ್ಟ್, ಮುಂದೆ ಮೂರು ಬಾರಿ ಪ್ರೀಮಿಯರ್ ಆದರು. ಬ್ರಿಟನ್ನಿನ ಸಂಸತ್ ಚುನಾವಣೆಗೆ ಗುಪ್ತ ಮತದಾನ ಬಂದುದು 1872ರಲ್ಲಷ್ಟೇ.

1870ರಲ್ಲಿ ಅವರ ಸರ್ಕಾರ ಮರುಭೂಮಿಯ ಮೂಲಕ ಇಂದಿನ ಡಾರ್ವಿನ್‌ವರೆಗೆ ಸುಮಾರು 3,000 ಕಿಲೋಮೀಟರ್ ತಂತಿ ಮಾರ್ಗ ಎಳೆಯುವ ಸಾಹಸಕ್ಕಿಳಿಯಿತು. ಆ ನೆಲದ ಮೂಲನಿವಾಸಿಗಳ ಒಪ್ಪಿಗೆಯನ್ನು ಮಾತ್ರ ಕೇಳಲಿಲ್ಲ. ವಾರಗಟ್ಟಲೆ ಹಡಗಿನಲ್ಲಿ ಬರುತ್ತಿದ್ದ ಲಂಡನ್ ಸುದ್ದಿ 1872ರಲ್ಲಿ ತಂತಿಯ ಮೇಲೆ ಬಂದಿತು. ಹಳೆಯ ಕಪ್ತಾನರು 1873ರ ಜನವರಿಯಲ್ಲಿ ನಿಧನರಾದರು.