ಮೆಟ್ರಿಕ್ ದಾಟದ ಗುಂಡಪ್ಪ ಪತ್ರಿಕೆ ಹಿಡಿದ ಕತೆ

ಬೀದರ: ಅಷ್ಟೂರದ ಗುಮ್ಮಟಗಳ ಕಡೆಯಿಂದ ಬೆಳಗಾದರೆ ಪೇಟೆಗೆ ಬರುವ ಹುಡುಗರಲ್ಲಿ ನೌಕರಿ ಹುಡುಕುವವರೇ ಹೆಚ್ಚು. ಕೆಲವರು ಪಿ.ಯು.ಸಿ. ಮುಗಿಸಿದವರು, ಕೆಲವರು ಅರ್ಧಕ್ಕೇ ಬಿಟ್ಟವರು. ಭಾಲ್ಕಿ, ಔರಾದದಿಂದ ಬಸ್ಸಿಗೆ ಬರುವವರ ಪಾಡೂ ಇದೇ. ಅವರಲ್ಲಿ ಒಬ್ಬಿಬ್ಬರಿಗೆ ಪೇಪರಿನಲ್ಲಿ ಕೆಲಸ ಮಾಡಬೇಕು ಅನ್ನೋ ಹುಚ್ಚು ಇರುತ್ತದೆ. ಮನೆಯವರು ಮಾತ್ರ ಒಪ್ಪೋದಿಲ್ಲ. ಪಾಸಾಗದವನಿಗೆ ಪೇಪರಿನವರು ಏನು ಕೊಟ್ಟಾರು, ಪಗಾರ ಎಷ್ಟು ಬಂದೀತು, ಮದುವೆಗೆ ಹೆಣ್ಣು ಯಾರು ಕೊಟ್ಟಾರು ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕರ್ನಾಟಕದಲ್ಲಿ ಪತ್ರಿಕೆ ಕೆಲಸಕ್ಕೆ ಒಂದು ಮರ್ಯಾದೆ ತಂದುಕೊಟ್ಟ ದೊಡ್ಡ ಮನುಷ್ಯನೇ ಮೆಟ್ರಿಕ್ ನಪಾಸು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಅವರೇ ಡಿ.ವಿ. ಗುಂಡಪ್ಪ. ಡಿ.ವಿ.ಜಿ. ಅಂದರೆ ಮಂಕುತಿಮ್ಮನ ಕಗ್ಗ ಬರೆದವರು ಅಂತ ಶಾಲೆ ಮಕ್ಕಳೂ ಹೇಳುತ್ತಾರೆ. ಆ ಪುಸ್ತಕ ಬಂದದ್ದು 1943ರಲ್ಲಿ. ಅಷ್ಟರೊಳಗೆ ಗುಂಡಪ್ಪನವರಿಗೆ ಐವತ್ತಾರು ದಾಟಿತ್ತು. ಅದಕ್ಕೂ ಮೊದಲು ಹತ್ತಾರು ವರ್ಷ ಅವರು ಹೊಟ್ಟೆ ಹೊರೆದದ್ದು ಪತ್ರಿಕೆ ಕೆಲಸದಿಂದ.

ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ ಶಾಲಾ ಮಾಸ್ತರರು. ಹೆಸರಿನ ಮುಂದಿರುವ ಡಿ ಅಂದರೆ ದೇವನಹಳ್ಳಿ, ಮನೆತನದ ಮೂಲದ ಊರು. ಮಾಸ್ತರರ ಮಗ ಓದಿ ಸರ್ಕಾರಿ ನೌಕರಿ ಸೇರಲಿ ಅಂತ ಮನೆಯವರ ಆಸೆ ಇದ್ದರೆ ಆಶ್ಚರ್ಯವಿಲ್ಲ. ಮೈಸೂರಿಗೆ ಹೋದರು, ಕೋಲಾರದಲ್ಲಿ ಓದಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಕೊಟ್ಟಿತು. ಶಾಲೆ ಓದು ಅಲ್ಲಿಗೆ ಮುಗಿಯಿತು.

ಮುಂದಿನ ಒಂದೆರಡು ವರ್ಷದ ಕತೆ ಇವತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತ ಯಾವ ಹುಡುಗನದಾದರೂ ಆಗಬಹುದು. ಊರ ಶಾಲೆಯಲ್ಲಿ ಸ್ವಲ್ಪ ದಿನ ಪಾಠ ಹೇಳಿದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಒಂದು ಸೋಡಾ ಕಾರ್ಖಾನೆ ಇತ್ತು, ಅಲ್ಲಿ ಗುಮಾಸ್ತಿಕೆ ಮಾಡಿದರು. ಅದೂ ನಿಲ್ಲಲಿಲ್ಲ. ಬೆಂಗಳೂರಿಗೆ ಬಂದು ಜಟಕಾ ಬಂಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತರು. ಸೋಡಾ ಆಯಿತು, ಬಣ್ಣ ಆಯಿತು, ಕೊನೆಗೆ ಶಾಯಿ. ಇಪ್ಪತ್ತರ ಆಸುಪಾಸಿನಲ್ಲಿ ಸೂರ್ಯೋದಯ ಪ್ರಕಾಶಿಕಾ ಅನ್ನೋ ಪತ್ರಿಕೆಗೆ ಸೇರಿಕೊಂಡರು. ಯಾರೂ ಪದವಿ ಪತ್ರ ಕೇಳಲಿಲ್ಲ. ಕೇಳುವುದಕ್ಕೆ ಪತ್ರಿಕೋದ್ಯಮದ ಪದವಿ ಅನ್ನೋದೇ ಆಗ ನಮ್ಮಲ್ಲಿ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆ ವಿಷಯ ಕಲಿಸಲು ಶುರು ಮಾಡಿದ್ದೇ 1951ರಲ್ಲಿ.

ಪೇಪರಿಗೆ ಸೇರುವುದು ಅಂದರೆ ಆ ಕಾಲಕ್ಕೆ ಏನು? ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ಪತ್ರಿಕೆಯಲ್ಲಿ ಬರೆಯುವವ ಬೇರೆ, ತಿದ್ದುವವ ಬೇರೆ ಅನ್ನೋ ಅನುಕೂಲ ಇರುತ್ತಿರಲಿಲ್ಲ. ಸುದ್ದಿ ತರಬೇಕು, ಅದನ್ನು ಬರೆಯಬೇಕು, ಮದರಾಸಿನ ಪತ್ರಿಕೆ ಓದಿ ಅನುವಾದ ಮಾಡಬೇಕು. ಒಳಗಡೆ ಕಂಪೋಜಿಟರು ಸೀಸದ ಮೊಳೆಗಳನ್ನು ಒಂದೊಂದಾಗಿ ಮನೆಯಿಂದ ಎತ್ತಿ ಸಾಲು ಕಟ್ಟುತ್ತಾನೆ. ಮೊಳೆ ಮೇಲೆ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ. ಕನ್ನಡಕ್ಕೆ ಒತ್ತಕ್ಷರ, ದೀರ್ಘ, ಕೊಂಬು ಅಂತ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮೊಳೆ ಬೇಕು. ಹೀಗೆ ಕಟ್ಟಿದ್ದಕ್ಕೆ ಶಾಯಿ ಬಳಿದು ಒಂದು ಕರಡು ಅಚ್ಚು ತೆಗೆದರೆ ಅದನ್ನು ತಿದ್ದಬೇಕು. ಒಂದು ಅಕ್ಷರ ತಪ್ಪಿದರೆ ಆ ಮೊಳೆ ಕಿತ್ತು ಬೇರೆಯದನ್ನು ಕೂಡಿಸಬೇಕು. ಕೈ ಕಪ್ಪು, ಕಣ್ಣು ಕೆಂಪು. ಬೀದರದಲ್ಲಿ ಲಗ್ನ ಪತ್ರಿಕೆ ಅಚ್ಚು ಹಾಕುತ್ತಿದ್ದ ಹಳೇ ಮುದ್ರಣಾಲಯ ನೋಡಿದ ಹಿರಿಯರಿಗೆ ಇದೆಲ್ಲ ನೆನಪಿರಬೇಕು. ಈಗ ಆ ಮೊಳೆ ಪೆಟ್ಟಿಗೆಗಳು ಗುಜರಿಗೆ ಹೋಗಿವೆ. ಪುಟ ಕಟ್ಟುವುದು ಕಂಪ್ಯೂಟರಿನಲ್ಲಿ. ಹೆಸರು ಬದಲಾದವು, ಕೂತು ತಿದ್ದುವ ಕೆಲಸ ಮಾತ್ರ ಹೋಗಿಲ್ಲ.

ಕೆಲಸ ಸಿಕ್ಕಿತು ಅನ್ನುವಷ್ಟರಲ್ಲಿ ಹೊಡೆತ ಬಿತ್ತು. 1908ರಲ್ಲಿ ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಒಂದು ಕಾನೂನು ತಂದಿತು. ಸರ್ಕಾರದ ಪರವಾನಗಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಪರವಾನಗಿ ಕಿತ್ತುಕೊಳ್ಳುವ ಅಧಿಕಾರವೂ ಸರ್ಕಾರದ್ದೇ. ತಾತಯ್ಯ ಅಂತ ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಂಥವರೇ ತಮ್ಮ ಪತ್ರಿಕೆ ನಿಲ್ಲಿಸಿದರು. ದೊಡ್ಡವರ ಗತಿಯೇ ಹೀಗಾದರೆ ಇಪ್ಪತ್ತೊಂದು ವರ್ಷದ ಗುಂಡಪ್ಪನವರನ್ನು ಕೇಳುವವರು ಯಾರು? ಕೆಲವು ಕಾಲ ಮದರಾಸಿನ ಕಡೆ ಮುಖ ಮಾಡಿದರು. ಅಲ್ಲಿನ ಇಂಗ್ಲಿಷ್ ಪತ್ರಿಕೆಗಳಿಗೆ ಬರೆದರು. ಇಂಗ್ಲಿಷಿನ ಪರೀಕ್ಷೆ ಕಟ್ಟಿ ಕಲಿತ ಇಂಗ್ಲಿಷಲ್ಲ ಅದು, ಪುಸ್ತಕ ಹಿಡಿದು ಕಲಿತದ್ದು. ಸಂಸ್ಕೃತವನ್ನೂ ವೇದಾಂತವನ್ನೂ ಶಾಸ್ತ್ರಿಗಳ ಹತ್ತಿರ ಹೋಗಿ ಕೂತು ಕಲಿತರು. ಹಾನಗಲ್ಲ ವಿರೂಪಾಕ್ಷ ಶಾಸ್ತ್ರಿಗಳು ಅವರ ಗುರುಗಳಲ್ಲೊಬ್ಬರು. ಮೆಟ್ರಿಕ್ ಆಗದವನು ಓದುವುದನ್ನು ಬಿಟ್ಟವನಲ್ಲ ಅನ್ನೋದನ್ನು ನಮ್ಮ ಹುಡುಗರು ಇಲ್ಲಿ ಸ್ವಲ್ಪ ನಿಂತು ಗಮನಿಸಬೇಕು. ನಪಾಸಾದದ್ದೇ ಅರ್ಹತೆ ಅಂದುಕೊಂಡು ಬರುವವರೂ ಇದ್ದಾರೆ.

1913ರಲ್ಲಿ ಗುಂಡಪ್ಪನವರು ಬೆಂಗಳೂರಿನಲ್ಲಿ ಕರ್ನಾಟಕ ಅನ್ನೋ ಪತ್ರಿಕೆ ಶುರು ಮಾಡಿದರು. ಹೆಸರು ಕರ್ನಾಟಕ, ಭಾಷೆ ಇಂಗ್ಲಿಷ್. ವಾರಕ್ಕೆ ಎರಡು ಸಾರಿ. ಅಂದರೆ ವರ್ಷಕ್ಕೆ ನೂರರ ಮೇಲೆ ಸಂಚಿಕೆ. ಮೈಸೂರು ಸಂಸ್ಥಾನದ ಆಡಳಿತ, ಪ್ರಜಾಪ್ರತಿನಿಧಿ ಸಭೆ, ದೇಶೀ ಸಂಸ್ಥಾನಗಳ ಜನರ ಹಕ್ಕು, ಇವೇ ಅವರ ವಿಷಯ. ರಾಜನ ಕೈಕೆಳಗಿನ ಪ್ರಜೆಗೂ ಬ್ರಿಟಿಷರ ಸೀಮೆಯ ಪ್ರಜೆಗೂ ಏಕೆ ಭೇದ ಇರಬೇಕು ಅನ್ನೋದು ಅವರ ಮುಖ್ಯ ತಕರಾರು. ಎಂ. ವಿಶ್ವೇಶ್ವರಯ್ಯನವರು ಆಗಷ್ಟೇ ದಿವಾನರಾಗಿದ್ದರು. ಅವರ ಜತೆ ಗುಂಡಪ್ಪನವರಿಗೆ ಒಳ್ಳೆಯ ಸಲಿಗೆ ಬೆಳೆಯಿತು. ಸಲಿಗೆಯನ್ನು ರೊಕ್ಕ ಮಾಡಿಕೊಳ್ಳುವ ವಿದ್ಯೆ ಮಾತ್ರ ಅವರಿಗೆ ಒಲಿಯಲಿಲ್ಲ.

ಈಗ ಬೀದರದ ಮಂದಿ ಒಂದು ಮಾತು ಕೇಳಬಹುದು. ಬೆಂಗಳೂರಿನ ಪತ್ರಿಕೆ ಕತೆ ನಮಗೇಕೆ, ಆಗ ನಾವು ನಿಜಾಮರ ಸೀಮೆಯವರು ಅಂತ. ಸರಿ. ಅದೇ ಕಾಲದಲ್ಲಿ ಇಲ್ಲಿ ಕಚೇರಿಯಲ್ಲಿ ಉರ್ದು, ಕೋರ್ಟಿನಲ್ಲಿ ಉರ್ದು, ಶಾಲೆಯಲ್ಲಿ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಗಿತ್ತು. ಕನ್ನಡ ಓದುವವರನ್ನೇ ಕದ್ದು ತಯಾರು ಮಾಡಬೇಕಾದ ಕಡೆ ಕನ್ನಡ ಪತ್ರಿಕೆಯಲ್ಲಿ ನೌಕರಿ ಎಲ್ಲಿಂದ ಬರಬೇಕು? ಉರ್ದುವಿನಲ್ಲಿ ಬರೆದು ನಿಜಾಮರ ಆಡಳಿತವನ್ನು ಟೀಕಿಸಿದವರಿಗೂ ಉಳಿಗಾಲ ಇರಲಿಲ್ಲ. ಹೈದರಾಬಾದಿನಲ್ಲಿ ಇಮ್ರೋಜ್ ಪತ್ರಿಕೆ ನಡೆಸುತ್ತಿದ್ದ ಶೋಯೆಬುಲ್ಲಾ ಖಾನರು ಸಂಸ್ಥಾನ ಭಾರತಕ್ಕೆ ಸೇರಬೇಕು ಅಂತ ಬರೆದರು. 1948ರ ಆಗಸ್ಟಿನ ಒಂದು ರಾತ್ರಿ ಅವರನ್ನು ಬೀದಿಯಲ್ಲಿ ಕೊಂದು ಕೈ ಕಡಿದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮುಂದಿನ ತಿಂಗಳೇ ಸಂಸ್ಥಾನ ಭಾರತಕ್ಕೆ ಸೇರಿತು. ಬೀದರ ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ರಂದು. ಇದನ್ನು ನೆನೆದರೆ ಗುಂಡಪ್ಪನವರಿಗೆ ಮೈಸೂರಿನಲ್ಲಿ ಸಿಕ್ಕ ಅವಕಾಶ ಎಂಥದ್ದು ಅನ್ನೋದು ತಿಳಿಯುತ್ತದೆ. ಅಲ್ಲಿ ಪತ್ರಿಕೆ ಮುಚ್ಚಿಸುತ್ತಿದ್ದರು, ಪ್ರಾಣ ತೆಗೆಯುತ್ತಿರಲಿಲ್ಲ.

ಆದರೆ ಪ್ರಾಣ ತೆಗೆಯುವುದಕ್ಕೆ ಬಡತನ ಒಂದು ಸಾಕು. ಕರ್ನಾಟಕ ಪತ್ರಿಕೆ ಹೆಸರು ಮಾಡಿತು, ಗಂಟು ಮಾಡಲಿಲ್ಲ. 1914ರಿಂದ 1918ರವರೆಗೆ ಜಗತ್ತಿನ ಯುದ್ಧ. ಕಾಗದದ ಬೆಲೆ ಏರಿತು. ಪತ್ರಿಕೆ ಅನ್ನೋದು ಎಂಥ ವ್ಯಾಪಾರ ಅಂದರೆ, ಮಾಲು ಇವತ್ತೇ ಕೊಡಬೇಕು, ರೊಕ್ಕ ಯಾವಾಗಲೋ ಬರುತ್ತದೆ. ಉದ್ರಿ ಪುಸ್ತಕ ಇಟ್ಟ ಅಂಗಡಿಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕಿರಾಣಿ ಅಂಗಡಿಯ ಅಕ್ಕಿ ಉಳಿದರೆ ನಾಳೆ ಮಾರಬಹುದು. ನಿನ್ನೆಯ ಪೇಪರು ಇವತ್ತು ಭಜಿ ಕಟ್ಟುವುದಕ್ಕೇ ಸೈ. 1921ರ ಹೊತ್ತಿಗೆ ಆ ಪತ್ರಿಕೆಯ ಓಟ ನಿಂತಿತು. ಮುಂದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆ ಪತ್ರಿಕೆ ನಡೆಸಿ ನೋಡಿದರು. ಯಾವುದರಿಂದಲೂ ಮನೆ ತುಂಬಲಿಲ್ಲ.

ಮನೆಯಲ್ಲಿ ಭಾಗೀರಥಮ್ಮನವರು. ಎಲ್ಲರೂ ಗುಂಡಪ್ಪನವರ ತ್ಯಾಗ ಹೊಗಳುತ್ತಾರೆ, ಈ ತಾಯಿಯ ಪಾಲಿಗೆ ಬಂದದ್ದನ್ನು ಹೇಳುವವರು ಕಡಿಮೆ. ಅವರ ವಿಷಯವಾಗಿ ಒಂದು ಸಂಗತಿ ಬಹಳ ಮಂದಿ ಬರೆದಿದ್ದಾರೆ. ನೆಂಟರ ಮನೆಯಲ್ಲಿ ಒಂದು ಶುಭಕಾರ್ಯ ಇತ್ತಂತೆ. ಮಕ್ಕಳನ್ನು ಕಳಿಸಿ ತಾವು ಹೋಗಲಿಲ್ಲ. ಗಂಡ ಕಾರಣ ಕೇಳಿದರೆ, ಉಡಲು ಹರಿಯದ ಸೀರೆ ಇರಲಿಲ್ಲ. ಹರಿದದ್ದು ಉಟ್ಟು ಹೋದರೆ ನಾಲ್ಕು ಜನರೆದುರು ಗಂಡನ ಮರ್ಯಾದೆ ಏನಾದೀತು ಅನ್ನೋದು ಅವರ ಚಿಂತೆ. ದಿವಾನರ ಜತೆ ಕುರ್ಚಿ ಹಾಕಿ ಮಾತಾಡುವ ಸಂಪಾದಕರ ಮನೆಯ ಸ್ಥಿತಿ ಇದು. 1924ರಲ್ಲಿ ಬೆಂಕಿ ಆಕಸ್ಮಿಕದಲ್ಲಿ ಭಾಗೀರಥಮ್ಮ ತೀರಿಹೋದರು. ಗುಂಡಪ್ಪನವರಿಗೆ ಆಗ ಮೂವತ್ತೇಳು. ಮಕ್ಕಳು ಸಣ್ಣವರು. ಎರಡನೇ ಮದುವೆ ಆಗಲಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿ ಮುಂದೆ ಸಸ್ಯಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸರಾದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅಪ್ಪನಿಗೆ 1967ರಲ್ಲಿ, ಮಗನಿಗೆ 1978ರಲ್ಲಿ ಬಂತು. ತಾಯಿ ನೋಡಲಿಲ್ಲ.

ಪೇಪರಿನವನ ಬಡತನವನ್ನು ಹಾಡಿ ಹೊಗಳುವುದು ಸುಲಭ. ಪಗಾರ ಕೊಡದ ಮಾಲಕರಿಗೆ ಅದು ಬಹಳ ಅನುಕೂಲ. ಗುಂಡಪ್ಪನವರು ಇದನ್ನು ಬಲ್ಲವರಂತೆ ಕಾಣುತ್ತದೆ. ಪತ್ರಿಕೆ ಕೆಲಸ ಒಂದು ಕಸುಬು, ಅದಕ್ಕೆ ನೀತಿ ಬೇಕು, ತಯಾರಿ ಬೇಕು, ಕಸುಬಿನವರಿಗೆ ಒಂದು ಒಕ್ಕೂಟ ಬೇಕು ಅನ್ನೋ ವಿಚಾರದಲ್ಲಿ ಅವರು ಮುಂದೆ ನಿಂತರು. 1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಕರ್ತರ ಮೊದಲ ಸಮ್ಮೇಳನ ನಡೆದಾಗ ಅಧ್ಯಕ್ಷರು ಅವರೇ. ವೃತ್ತಪತ್ರಿಕೆ ಅಂತ ಒಂದು ಪುಸ್ತಕವನ್ನೂ ಬರೆದರು. ಪತ್ರಿಕೆ ಕೆಲಸಕ್ಕೆ ಬರುವ ಹುಡುಗನಿಗೆ ಕನ್ನಡದಲ್ಲಿ ಕೈಗೆ ಸಿಕ್ಕ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಪತ್ರಕರ್ತರ ಪಗಾರ, ಕೆಲಸದ ವೇಳೆ, ರಜೆ ಇವಕ್ಕೆ ದೇಶದಲ್ಲಿ ಕಾಯ್ದೆ ಅಂತ ಬಂದದ್ದು 1955ರಲ್ಲಿ. ಅಷ್ಟು ಹೊತ್ತಿಗೆ ಗುಂಡಪ್ಪನವರಿಗೆ ಅರವತ್ತೆಂಟು.

ಮುಂದಿನದು ಎಲ್ಲರಿಗೂ ಗೊತ್ತಿರುವಂಥದ್ದು. ಮೈಸೂರಿನ ಶಾಸನ ಸಭೆಯಲ್ಲಿ ಕೂತರು. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಮೆಟ್ರಿಕ್ ಆಗದವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಕರೆದು ಡಿ.ಲಿಟ್. ಕೊಟ್ಟಿತು. 1974ರಲ್ಲಿ ಪದ್ಮಭೂಷಣ. 1970ರಲ್ಲಿ ಬೆಂಗಳೂರಿನಲ್ಲಿ ಸನ್ಮಾನ ಮಾಡಿ ದೊಡ್ಡ ಮೊತ್ತದ ನಿಧಿ ಒಪ್ಪಿಸಿದರೆ, ಅದನ್ನು ಮನೆಗೆ ಒಯ್ಯದೆ ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು. ಆ ಸಂಸ್ಥೆಯಲ್ಲಿ ಹುಡುಗರನ್ನು ಕೂಡಿಸಿಕೊಂಡು ವಾರವಾರ ಪಾಠ ಹೇಳುತ್ತಿದ್ದರು. ರಾಜ್ಯಶಾಸ್ತ್ರ ಒಂದು ದಿನ, ಕಾವ್ಯ ಒಂದು ದಿನ. ಫೀ ಇಲ್ಲ, ಪರೀಕ್ಷೆಯೂ ಇಲ್ಲ.

ಇವತ್ತು ನಮ್ಮ ಕಡೆ ದಾರಿ ಆಗಿನಷ್ಟು ಕಿರಿದಾಗಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆಯಿತು, ಅಲ್ಲಿ ಪತ್ರಿಕೋದ್ಯಮ ಕಲಿಸುತ್ತಾರೆ. ಬೀದರದಲ್ಲೇ ಕನ್ನಡ, ಉರ್ದು, ಮರಾಠಿ ಮೂರೂ ಓದುವ ಮಂದಿ ಇದ್ದಾರೆ. ಮೂರು ಭಾಷೆ ಬಲ್ಲ ಹುಡುಗನಿಗೆ ಅನುವಾದ, ಕರಡು ತಿದ್ದುವುದು, ಜಾಹೀರಾತು ತರುವುದು, ಪುಟ ಕಟ್ಟುವುದು, ಏಜೆನ್ಸಿ ನಡೆಸುವುದು ಅಂತ ಹತ್ತು ಬಾಗಿಲು. ಪಗಾರದ ಬಾಗಿಲು ಮಾತ್ರ ಹಳೆಯದೇ, ತೆಗೆಯುವಾಗ ಕಿರುಗುಟ್ಟುತ್ತದೆ. ಸುದ್ದಿ ತರುವವನ ಕೈಗೆ ಜಾಹೀರಾತು ಪುಸ್ತಕವನ್ನೂ ಕೊಡುವ ಚಾಳಿ ಸಣ್ಣ ಪತ್ರಿಕೆಗಳಲ್ಲಿ ಉಂಟು. ಬೆಳಿಗ್ಗೆ ಯಾರ ಅಂಗಡಿಯ ತಪ್ಪು ಬರೆಯಬೇಕೋ ಸಂಜೆ ಅವರ ಹತ್ತಿರವೇ ಜಾಹೀರಾತಿಗೆ ಕೈ ಚಾಚಬೇಕು. ಗುಂಡಪ್ಪನವರ ಕತೆ ಈ ಹುಡುಗರಿಗೆ ಬೇಕಾಗುವುದು ಇಲ್ಲೇ.

1975ರ ಅಕ್ಟೋಬರ್ 7ರಂದು ಗುಂಡಪ್ಪನವರು ತೀರಿಕೊಂಡರು. ಎಂಬತ್ತೆಂಟು ವರ್ಷ. ಸಂಸ್ಥಾನದ ಕಾಲದಲ್ಲಿ ಸರ್ಕಾರ ಅವರ ಕೆಲಸಕ್ಕೆ ಆಗಾಗ ಚೆಕ್ಕು ಕಳಿಸುತ್ತಿತ್ತು. ಬೇಡ ಅಂದರೆ ಕಳಿಸಿದವರಿಗೆ ಅವಮಾನ, ತಗೊಂಡರೆ ನಾಳೆ ಬರೆಯುವ ಕೈ ಕಟ್ಟುತ್ತದೆ. ಅವರು ತಗೊಂಡರು, ಬ್ಯಾಂಕಿಗೆ ಮಾತ್ರ ಹಾಕಲಿಲ್ಲ. ಅವರು ಹೋದ ಮೇಲೆ ಮನೆಯವರು ಹಳೇ ಪೆಟ್ಟಿಗೆ ತೆರೆದಾಗ ಆ ಚೆಕ್ಕುಗಳು ಅಲ್ಲೇ ಇದ್ದವು ಅಂತ ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಅಷ್ಟರಲ್ಲಿ ಸಂಸ್ಥಾನವೂ ಇರಲಿಲ್ಲ, ಸಹಿ ಹಾಕಿದವರೂ ಇರಲಿಲ್ಲ, ಚೆಕ್ಕಿನ ಮುದ್ದತೂ ಯಾವತ್ತೋ ಮುಗಿದಿತ್ತು.